ಬಲ ಇಲ್ಲ

ಚಿಕ್ಕನಿಗೆ ಈಗ ನಲವತ್ತಾರು. ಮುಂದಲೆ ಬೋಳಾಗಿದೆ, ಮೀಸೆ ಅರ್ಧ ನರೆತಿದೆ, ಪೇಪರ್ ಓದಲು ಕನ್ನಡಕ ಬೇಕು. ಆದರೂ ಅವನು ಚಿಕ್ಕನೇ. ಅಣ್ಣ ಹಾಗೆ ಕರೆದ, ಬೀದಿಯವರೂ ಹಾಗೇ ಕರೆದರು, ಕೊನೆಗೆ ಲಿಫ್ಟ್ ಕಂಪನಿಯ ಹಾಜರಿ ಪುಸ್ತಕದಲ್ಲೂ ಅವನ ಹೆಸರಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ ಅದನ್ನೇ ಬರೆದರು. ಅವನೂ ಅಣ್ಣನೂ ಲಿಫ್ಟ್ ರಿಪೇರಿಯವರು. ಯಾವುದೋ ಕಟ್ಟಡದಲ್ಲಿ ಲಿಫ್ಟು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ನಿಂತು, ಒಳಗಿದ್ದವರು ಬಾಗಿಲು ಬಡಿಯೋಕೆ ಶುರುಮಾಡಿದರೆ ಆಫೀಸಿನಿಂದ ಇವರಿಗೆ ಫೋನು ಬರುತ್ತದೆ. ಇಬ್ಬರೂ ಒಂದೇ ಬೈಕಿನಲ್ಲಿ ಹೋಗುತ್ತಾರೆ. ಹೋಗುತ್ತಿದ್ದರು ಅನ್ನಬೇಕು.

ಚಿಕ್ಕನಿಗೆ ಬೈಕು ಕೈಗೆ ಕೂತ ವಿದ್ಯೆ. ಆದರೆ ದಾರಿ ಮಾತ್ರ ತಲೆಯಲ್ಲಿ ನಿಲ್ಲಲ್ಲ. ಇಪ್ಪತ್ತು ಸಲ ಹೋದ ಕಟ್ಟಡಕ್ಕೆ ಇಪ್ಪತ್ತೊಂದನೇ ಸಲ ಹೋಗು ಅಂದರೆ ಕಣ್ಣು ಕಣ್ಣು ಬಿಡುತ್ತಾನೆ. ಹಿಂದೊಮ್ಮೆ ತನ್ನ ಮದುವೆಯ ಮಾತಿಗೆ ಅಂತ ಹೋದವನು ಪಕ್ಕದ ಬೀದಿಯ ಯಾರದೋ ಮನೆಯಲ್ಲಿ ಕಾಫಿ ಕುಡಿದು, ಚೆನ್ನಾಗಿ ಮಾತಾಡಿಸಿದರು ಅಂತ ಖುಷಿಯಾಗಿ ವಾಪಸ್ ಬಂದಿದ್ದ. ಮದುವೆ ಅಲ್ಲಿಗೇ ನಿಂತಿತು. ಅಣ್ಣ ಇದನ್ನು ಹೊಸಬರು ಯಾರು ಸಿಕ್ಕಿದರೂ ಹೇಳುತ್ತಿದ್ದ, ಕಾಫಿಗೆ ಸಕ್ಕರೆ ಎಷ್ಟು ಹಾಕಿದ್ದರು ಅನ್ನೋದನ್ನೂ ಸೇರಿಸಿ.

ಅಣ್ಣನದು ಇನ್ನೊಂದು ಅವತಾರ. ಗಲ್ಲಿಗಲ್ಲಿಯೂ ಅವನಿಗೆ ಬಾಯಿಪಾಠ, ಆದರೆ ಬೈಕ್ ಮಾತ್ರ ಬರಲ್ಲ. ಕಲಿಯಲು ಹತ್ತಿದ ಮೊದಲ ದಿನವೇ ಎದುರು ಮನೆಯ ಗೇಟನ್ನು ಕಿತ್ತುಕೊಂಡು ಒಳಗೆ ಹೋದವನು ಮತ್ತೆ ಹ್ಯಾಂಡಲ್ ಮುಟ್ಟಲಿಲ್ಲ. ಹಾಗಾಗಿ ತಮ್ಮ ಮುಂದೆ, ಅಣ್ಣ ಹಿಂದೆ. ಕಟ್ಟಡಗಳ ವಾಚ್‌ಮನ್‌ಗಳು ಇವರನ್ನು ಕಂಡರೆ "ಬಂದ್ರು ನೋಡು, ಕುರುಡನ ಹೆಗಲ ಮೇಲೆ ಕುಂಟ" ಅಂತ ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ.

ಹೆಲ್ಮೆಟ್ ಒಳಗೆ, ಲಾರಿಗಳ ಗದ್ದಲದಲ್ಲಿ ಮಾತು ಕೇಳುವುದಿಲ್ಲವಲ್ಲ, ಅದಕ್ಕೆ ಇಬ್ಬರೂ ಮೊಣಕಾಲಿನ ಭಾಷೆ ಮಾಡಿಕೊಂಡಿದ್ದರು. ಅಣ್ಣ ಎಡ ಮೊಣಕಾಲು ಒತ್ತಿದರೆ ಎಡಕ್ಕೆ. ಬಲ ಮೊಣಕಾಲು ಒತ್ತಿದರೆ ಬಲಕ್ಕೆ. ಎರಡೂ ಒತ್ತಿದರೆ ನಿಲ್ಲಿಸು. ಹೆಲ್ಮೆಟ್ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರೆ "ನಡಿಯೋ ದಡ್ಡ". ಹತ್ತೊಂಬತ್ತು ವರ್ಷ ಇಷ್ಟರಲ್ಲೇ ನಡೆಯಿತು. ಒತ್ತಿದ ಕಡೆ ಚಿಕ್ಕನ ಕೈ ತಾನಾಗಿ ತಿರುಗುತ್ತಿತ್ತು, ಯಾಕೆ ಏನು ಅಂತ ಅವನು ಕೇಳಿದವನೇ ಅಲ್ಲ.

ಈಗ ಚಿಕ್ಕ ಐವತ್ತು ನಿಮಿಷವನ್ನು ಮುಚ್ಚಿಟ್ಟುಕೊಂಡಿದ್ದಾನೆ. ಡಾಕ್ಟರಿಗೆ ಹೇಳಿಲ್ಲ, ಅತ್ತಿಗೆಗೂ ಹೇಳಿಲ್ಲ. ಅದು ಗೊತ್ತಿರುವುದು ಇಬ್ಬರಿಗೆ. ಒಬ್ಬ ಅಣ್ಣ, ಅವನಿಗೆ ಮಾತು ಹೋಗಿದೆ. ಇನ್ನೊಂದು ಬೈಕಿಗೆ ಹಾಕುವ ದಾರಿ ತೋರಿಸುವ ಯಂತ್ರ, ಅದು ಬೀರುವಿನಲ್ಲಿ ಹಳೇ ಬನಿಯನ್ನಿನಲ್ಲಿ ಸುತ್ತಿಕೊಂಡು ಕೂತಿದೆ.

ಆ ಯಂತ್ರ ಮನೆಗೆ ಬಂದದ್ದು ಆಫೀಸಿನ ಕಾಟಕ್ಕೆ. ಫೋನು ಬಂದ ಅರ್ಧ ಗಂಟೆಯೊಳಗೆ ಕಟ್ಟಡ ಮುಟ್ಟಬೇಕು, ಎಲ್ಲರೂ ಗಾಡಿಗೆ ಜಿಪಿಎಸ್ ಹಾಕಿಸಿಕೊಳ್ಳಿ ಅಂತ ಸೂಪರ್‌ವೈಸರ್ ಹೇಳಿದ. ಅಣ್ಣನಿಗೆ ಅವಮಾನವಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. "ನನ್ನ ಮೊಣಕಾಲಿಗೆ ರಿಟೈರ್‌ಮೆಂಟ್ ಕೊಡ್ತಿದ್ದೀಯಾ? ಸರಿ, ಬದಲಿಗೆ ಬರೋರು ಯಾರು ಅಂತ ನೋಡ್ಕೊಂಡಾದ್ರೂ ಬರೋಣ ನಡಿ" ಅಂತ ತಾನೂ ಅಂಗಡಿಗೆ ಬಂದ.

ಅಂಗಡಿಯವನು ಗಾಜಿನ ಮೇಜಿನ ಮೇಲೆ ನಾಲ್ಕು ತರದ್ದು ಇಟ್ಟ. ಅಣ್ಣ ಒಂದೊಂದನ್ನೂ ಎತ್ತಿ ತಿರುಗಿಸಿ ವಿಚಾರಣೆ ಶುರುಮಾಡಿದ. ಮಳೆಯಲ್ಲಿ ನೆನೆದರೆ ಏನಾಗುತ್ತೆ? ಕೈಗವಸು ಹಾಕಿಕೊಂಡು ಒತ್ತಿದರೆ ಕೇಳುತ್ತಾ? ಮಧ್ಯಾಹ್ನದ ಬಿಸಿಲಲ್ಲಿ ಪರದೆ ಕಾಣುತ್ತಾ, ಇಲ್ಲಾ ಕನ್ನಡಿ ತರ ಇವನ ಮುಖವೇ ಕಾಣುತ್ತಾ? "ಇವನ ಮುಖ ನೋಡ್ಕೊಂಡು ದಾರಿ ಹುಡುಕೋಕಾಗಲ್ಲ." ಚಿಕ್ಕ ಫೋನನ್ನೇ ಹ್ಯಾಂಡಲಿಗೆ ಸಿಕ್ಕಿಸಿದರಾಗದಾ ಅಂದ. ಬೈಕಿನ ನಡುಕಕ್ಕೆ ಫೋನಿನ ಕ್ಯಾಮೆರಾ ಹಾಳಾಗುತ್ತೆ, ಅಲ್ಲದೆ ಆಫೀಸಿನ ಫೋನು ಬಂದ ಕೂಡಲೇ ನಕ್ಷೆ ಮಾಯ ಅಂತ ಅಂಗಡಿಯವನು ಹೇಳಿದ. ಒಂದು ತರದ್ದು ಹೆಲ್ಮೆಟ್ ಒಳಗೆ, ಕಿವಿಯಲ್ಲೇ ಮಾತಾಡುವಂಥದ್ದು. ಅದನ್ನು ಅಣ್ಣ ದೂರ ಸರಿಸಿದ. "ಇವನ ಕಿವಿಗೆ ಮಾತ್ರ ಪಿಸಿಪಿಸಿ ಅನ್ನೋದು ಬೇಡ. ಏನು ಹೇಳೋದಿದ್ರೂ ಇಬ್ಬರಿಗೂ ಕೇಳೋ ಹಾಗೆ ಹೇಳ್ಲಿ."

ಕೊನೆಗೆ ಅಂಗೈಯಗಲದ, ದಪ್ಪ ರಬ್ಬರ್ ಅಂಚಿನ, ತನ್ನದೇ ಸ್ಪೀಕರ್ ಇರುವ ಒಂದನ್ನು ತಂದರು. ಭಾನುವಾರ ಬೆಳಿಗ್ಗೆ ಮನೆ ಮುಂದೆ ಬೈಕ್ ನಿಲ್ಲಿಸಿ ಜೋಡಿಸಿದ್ದೂ ಅಣ್ಣನೇ, ವೈರಿನ ಕೆಲಸ ಯಾವತ್ತೂ ಅವನದು. ಬ್ಯಾಟರಿಯಿಂದ ನೇರ ತಂದರೆ ಕೀ ತೆಗೆದ ಮೇಲೂ ಕರೆಂಟ್ ಹೀರುತ್ತಿರುತ್ತೆ ಅಂತ ಕೀ ಸ್ವಿಚ್ಚಿನ ಹಿಂದಿನಿಂದ ವೈರ್ ಎಳೆದು, ನಡುವೆ ಸಣ್ಣ ಫ್ಯೂಸ್ ಕೂರಿಸಿದ. ವೈರು ಹ್ಯಾಂಡಲ್ ತಿರುಗಿಸಿದಾಗ ಬಿಗಿಯಾಗದಂತೆ ಸಡಿಲ ಬಿಟ್ಟು ಟೇಪ್ ಸುತ್ತಿದ. ಆಮೇಲೆ ಪರದೆಯ ಮೇಲಿನ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟ. ಭಾಷೆ ಕನ್ನಡ. ಮಣ್ಣುದಾರಿ ಬೇಡ. ಹೋದ ದಾರಿಯನ್ನೆಲ್ಲ ನೆನಪಿಡಬೇಕೇ ಅಂತ ಕೇಳಿದಾಗ ಚಿಕ್ಕ ಬೇಡ ಅಂದ. ಅಣ್ಣ ಹೌದು ಒತ್ತಿದ. "ನಿನ್ನ ತಲೆಯಲ್ಲಂತೂ ಉಳಿಯಲ್ಲ, ಇದರಲ್ಲಾದ್ರೂ ಉಳೀಲಿ."

ಯಂತ್ರಕ್ಕೆ ಹೆಣ್ಣು ದನಿ. "ಮುಂದಿನ ತಿರುವಿನಲ್ಲಿ ಎಡಕ್ಕೆ ತಿರುಗಿ" ಅಂತ ಶಾಲೆಯಲ್ಲಿ ಪಾಠ ಓದಿದ ಹಾಗೆ ಹೇಳಿತು. ಅಣ್ಣ ಅದಕ್ಕೆ ಟೀಚರಮ್ಮ ಅಂತ ಹೆಸರಿಟ್ಟ. "ತಿರುಗಿ ಅಂತೆ. ಇಷ್ಟು ಮರ್ಯಾದೆ ನಿನಗೆ ಜೀವಮಾನದಲ್ಲಿ ಯಾರೂ ಕೊಟ್ಟಿಲ್ಲ ಬಿಡು" ಅಂದ. ಒಳಗೆ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದ ಅತ್ತಿಗೆ ಮಿಷನ್ ನಿಲ್ಲಿಸಿ ನಕ್ಕರು.

ಅವತ್ತಿನಿಂದ ಅಣ್ಣನಿಗೂ ಟೀಚರಮ್ಮನಿಗೂ ಪಂದ್ಯ. ಅವಳು ಬಲಕ್ಕೆ ಅಂದರೆ ಅಣ್ಣನ ಎಡ ಮೊಣಕಾಲು ಒತ್ತುತ್ತಿತ್ತು, ಅಲ್ಲಿ ಯಾವುದೋ ಗೋಡೌನಿನ ಹಿಂದೆ ಅವಳಿಗೆ ಗೊತ್ತಿಲ್ಲದ ಸಂದಿ ಇರುತ್ತಿತ್ತು. ಚಿಕ್ಕ ಪ್ರತಿ ಸಲವೂ ಮೊಣಕಾಲಿನ ಮಾತೇ ಕೇಳಿದ. ಹತ್ತು ದಿನದಲ್ಲಿ ಅಣ್ಣ ಏಳು ಸಲ ಗೆದ್ದ, ಟೀಚರಮ್ಮ ಎರಡು ಸಲ. ಮನೆಗೆ ಬಂದು ಅತ್ತಿಗೆಗೆ ದಿನಾ ವರದಿ ಒಪ್ಪಿಸುತ್ತಿದ್ದ. ಅರವತ್ತು ಹತ್ತಿರ ಬಂದ ಮನುಷ್ಯ, ಒಂದು ಯಂತ್ರದ ಮೇಲೆ ಹಟ ಕಟ್ಟಿದ್ದ. ಚಿಕ್ಕನಿಗೆ ಅದು ತಮಾಷೆಯಾಗೇ ಇತ್ತು.

ಹನ್ನೊಂದನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು. ಹೊಸ ಬಡಾವಣೆಯ ಕಟ್ಟಡವೊಂದರಲ್ಲಿ ಹಲ್ಲಿನ ಡಾಕ್ಟರೊಬ್ಬರು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹದಿನೈದು ನಿಮಿಷದ ದಾರಿ. ಮೊದಲೆರಡು ತಿರುವು ಸರಿಯಾಗೇ ಹೋಯಿತು. ಪೆಟ್ರೋಲ್ ಬಂಕಿನ ಹತ್ತಿರ ಟೀಚರಮ್ಮ ಬಲಕ್ಕೆ ತಿರುಗಿ ಅಂದಳು. ಅಣ್ಣನ ಎಡ ಮೊಣಕಾಲು ಒತ್ತಿತು. ಅಷ್ಟೇ ಅಲ್ಲ, ಬೈಕಿನ ಮೇಲೆ ಯಾವತ್ತೂ ಬಾಯಿಬಿಡದವನು ಮುಂದಕ್ಕೆ ಬಗ್ಗಿ ಕಿವಿಯ ಹತ್ತಿರ ಹೇಳಿದ:

"ಬಲ ಇಲ್ಲ."

ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ಬಲಕ್ಕೆ ದಾರಿ ಇಲ್ಲ, ಅಗೆದಿರಬೇಕು, ಅಂದುಕೊಂಡು ಚಿಕ್ಕ ಎಡಕ್ಕೆ ತಿರುಗಿಸಿದ. ಟೀಚರಮ್ಮ ಬೇರೆ ದಾರಿ ಹುಡುಕಿ ಮತ್ತೆ ಬಲಕ್ಕೆ ಅಂದಳು. ಮತ್ತೆ ಎಡ ಮೊಣಕಾಲು, ಇನ್ನೂ ಜೋರಾಗಿ. ಮತ್ತೆ "ಬಲ ಇಲ್ಲ ಕಣೋ." ಎಡ, ಎಡ, ಎಡ. ಒಂದು ಕ್ಷೌರದಂಗಡಿ ಎದುರಾಯಿತು, ಸ್ವಲ್ಪ ಹೊತ್ತಿಗೆ ಅದೇ ಕ್ಷೌರದಂಗಡಿ ಮತ್ತೆ ಬಂತು. ನಾಲ್ಕನೇ ಸಲ ಹಾದುಹೋದಾಗ ಬಾಗಿಲಲ್ಲಿ ನಿಂತಿದ್ದ ಕ್ಷೌರಿಕ ಪರಿಚಯದವರಿಗೆ ಮಾಡುವ ಹಾಗೆ ಕೈ ಎತ್ತಿದ. ಚಿಕ್ಕ ಒಂದೆರಡು ಕಡೆ ಟೀಚರಮ್ಮನ ಮಾತು ಕೇಳೋಣ ಅಂತ ನೋಡಿದ. ಎಡ ಮೊಣಕಾಲು ಸೊಂಟಕ್ಕೆ ಒತ್ತಿಕೊಂಡೇ ಇತ್ತು, ಬಿಡಲೇ ಇಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸದ ಕೈ ಎಡಕ್ಕೇ ಹೋಯಿತು.

ಆಫೀಸಿನಿಂದ ಮೂರು ಸಲ ಫೋನು ಬಂತು. ಮೂರನೆಯದೂ ಜೇಬಿನಲ್ಲೇ ಬಡಿದು ನಿಂತಾಗ ಚಿಕ್ಕನಿಗೆ ಪಿತ್ತ ನೆತ್ತಿಗೇರಿತು. ಅಣ್ಣ ಬೇಕಂತಲೇ ಸುತ್ತಿಸುತ್ತಿದ್ದಾನೆ, ಟೀಚರಮ್ಮನ ಮಾನ ಕಳೆಯೋಕೆ ಹೀಗೆ ಮಾಡುತ್ತಿದ್ದಾನೆ, ಅದರಲ್ಲಿ ಅವನಿಗೆ ಅನುಮಾನವೇ ಉಳಿಯಲಿಲ್ಲ. ಗಾಡಿ ನಿಲ್ಲಿಸಲಿಲ್ಲ, ಕತ್ತು ತಿರುಗಿಸಲೂ ಇಲ್ಲ. ಮುಂದೆ ನೋಡುತ್ತಲೇ ಕಿರುಚಿದ.

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಲಿ ಅಣ್ಣ. ಅಲ್ಲಿ ಒಬ್ರು ಒಳಗೆ ಸಿಕ್ಕಿಹಾಕ್ಕೊಂಡು ಕೂತಿದ್ದಾರೆ, ನಿನಗೆ ಮಿಷನ್ ಜೊತೆ ಪಂದ್ಯ. ಬಾಯ್ ಮುಚ್ಕೊಂಡು ಕೂತ್ಕೋ."

ಅಣ್ಣ ಬಾಯಿ ಮುಚ್ಚಿಕೊಂಡ.

ಆಮೇಲೆ ಚಿಕ್ಕ ಟೀಚರಮ್ಮ ಹೇಳಿದಂತೆಯೇ ಹೋದ. ಬಂಕು ದಾಟಿ ಐವತ್ತು ನಿಮಿಷದ ಮೇಲೆ ಕಟ್ಟಡ ಮುಟ್ಟಿದಾಗ ವಾಚ್‌ಮನ್ನೇ ಮೇಲಿನ ಮಿಷನ್ ರೂಮಿನ ಚಕ್ರ ಕೈಯಿಂದ ತಿರುಗಿಸಿ ಹಲ್ಲಿನ ಡಾಕ್ಟರನ್ನು ಇಳಿಸಿ ಕಳಿಸಿಯಾಗಿತ್ತು. "ಏನು, ಕುರುಡನಿಗೂ ಕುಂಟನಿಗೂ ಜಗಳವಾಯ್ತಾ?" ಅಂತ ಅವನು ಕೇಳಿದ. ಅಣ್ಣ ಬೈಕಿನಿಂದ ಇಳಿಯಲು ಹೋಗಿ, ಇಳಿಯಲಿಲ್ಲ, ಬಲಗಡೆಗೆ ಉರುಳಿದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಟೂಲ್ ಬ್ಯಾಗಿನ ಸ್ಪ್ಯಾನರುಗಳೆಲ್ಲ ನೆಲದ ಮೇಲೆ ಚೆಲ್ಲಿದವು.

ಆಸ್ಪತ್ರೆಯಲ್ಲಿ ನರ್ಸು ಕಾಗದ ಹಿಡಿದು ಕೇಳಿದಳು, "ಯಾವಾಗಿಂದ ಹೀಗಾಯ್ತು? ಸರಿಯಾಗಿ ಹೇಳಿ, ಇದರಲ್ಲಿ ಒಂದೊಂದು ನಿಮಿಷವೂ ಮುಖ್ಯ." ಚಿಕ್ಕ ಬಾಯಿ ತೆರೆದ. ಬಂದ ಮಾತು, "ಈಗಷ್ಟೇ. ಬೈಕ್ ಇಳಿಯುವಾಗ." ಸುಳ್ಳು ಹೇಳಬೇಕು ಅಂತ ಲೆಕ್ಕ ಹಾಕಿ ಹೇಳಿದ್ದಲ್ಲ ಅದು. ಆದರೆ ಹೇಳಿದ್ದು ಸುಳ್ಳೇ.

ಅತ್ತಿಗೆ ಓಡಿಬಂದರು. ಯಾರೋ ಅಣ್ಣನ ಬಟ್ಟೆ, ವಾಚು, ಶೂಗಳನ್ನು ಒಂದು ಕವರಿನಲ್ಲಿ ಹಾಕಿ ಅವರ ಕೈಗೆ ಕೊಟ್ಟರು. ಅವರು ಶೂ ತೆಗೆದು ನೋಡಿ, ಏನಾದರೂ ಮಾತಾಡಬೇಕಲ್ಲ ಅಂತ ಮಾತಾಡಿದರು. "ಹೊಸ ಶೂ. ಬಲಗಾಲಿನದು ಆಗಲೇ ತುದಿ ಸವೆಸಿಟ್ಟಿದ್ದಾರೆ ನೋಡು. ಕಾಲೆತ್ತಿ ನಡೀರಿ ಅಂತ ಎಷ್ಟು ಸಲ ಹೇಳೋದು ಇವರಿಗೆ." ಚಿಕ್ಕ ನೋಡಲಿಲ್ಲ. ಶೂ ಮನೆಗೆ ಹೋಗಿ ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಕೂತಿತು.

ನಾಲ್ಕನೇ ದಿನ ವಾರ್ಡಿನಲ್ಲಿ ಅಣ್ಣ ಮಾತಾಡಿದ. ಅತ್ತಿಗೆ ನೀರು ಕುಡಿಸುತ್ತಿದ್ದರು. ಅಣ್ಣ ಅವರನ್ನೇ ನೋಡುತ್ತ, ಬಹಳ ಕಷ್ಟಪಟ್ಟು, "ಬಲ ಇಲ್ಲ" ಅಂದ.

"ಬಲ ಬರುತ್ತೆ ಬಿಡ್ರೀ" ಅಂದರು ಅತ್ತಿಗೆ, ಬಾಯಿ ಒರೆಸುತ್ತ. "ನಾಲ್ಕು ದಿನ ಆಗಿದೆ ಅಷ್ಟೆ. ಕೈಕಾಲಿಗೆ ನಿಧಾನಕ್ಕೆ ಬಲ ಬರುತ್ತೆ."

ಚಿಕ್ಕ ಮಂಚದ ಕಾಲಿನ ಬಳಿ ನಿಂತಿದ್ದ. ಆಗ ಗೊತ್ತಾಯಿತು ಅವನಿಗೆ. ಪೆಟ್ರೋಲ್ ಬಂಕಿನ ಹತ್ತಿರ ಅಣ್ಣ ಹೇಳಿದ್ದು ದಾರಿಯ ವಿಷಯವಲ್ಲ, ಕಾಲಿನ ವಿಷಯ. ಎಡ ಮೊಣಕಾಲು ಒತ್ತಿದ್ದು ತಿರುಗು ಅಂತಲ್ಲ. ಒಂದು ಪಕ್ಕ ಸತ್ತು ಹೋಗುತ್ತಿದ್ದವನು ಬೀಳದಿರಲು ಇನ್ನೊಂದು ಪಕ್ಕದಲ್ಲಿ ತಮ್ಮನನ್ನು ಹಿಡಿದುಕೊಂಡಿದ್ದ. ಅಂಥವನನ್ನು ತಾನು ಕ್ಷೌರದಂಗಡಿಯ ಸುತ್ತ ಐವತ್ತು ನಿಮಿಷ ತಿರುಗಿಸಿ, ಹೊಟ್ಟೆಕಿಚ್ಚು ಅಂತ ಬೈದು, ಬಾಯಿ ಮುಚ್ಚು ಅಂದಿದ್ದ.

ಅಲ್ಲಿಂದ ಮುಂದೆ ಚಿಕ್ಕನಿಗೆ ಏನೂ ಅನ್ನಿಸುವುದು ನಿಂತುಹೋಯಿತು. ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ, ನಿದ್ದೆ ಕೂಡ ಚೆನ್ನಾಗೇ ಬಂತು. ಊಟಕ್ಕೆ ಕೂತರೆ ಉಣ್ಣುತ್ತಿದ್ದ. ಒಂದು ದಿನ ಅತ್ತಿಗೆ ಸಾರಿಗೆ ಉಪ್ಪು ಹಾಕೋದು ಮರೆತಿದ್ದರು, ಅವನು ಎರಡು ಸಲ ಬಡಿಸಿಕೊಂಡು ಉಂಡ. ಕೆಲಸದಲ್ಲಿ ಹೆಬ್ಬೆರಳು ಕುಯ್ದುಕೊಂಡದ್ದು ಸಂಜೆ ಕೈ ತೊಳೆಯುವಾಗ ನೀರು ಕೆಂಪಾದ ಮೇಲೆ ತಿಳಿಯಿತು.

ಇದರ ಮೇಲೆ ಅತ್ತಿಗೆಯ ಹೊಗಳಿಕೆ ಬೇರೆ. ನೋಡಲು ಬಂದವರಿಗೆಲ್ಲ ಅವರು ಹೇಳುತ್ತಿದ್ದರು, "ನಮ್ಮ ಚಿಕ್ಕ ಜೊತೆಗಿದ್ದದ್ದು ಪುಣ್ಯ. ಹಾಗಾದ ಕ್ಷಣವೇ ಆಸ್ಪತ್ರೆಗೆ ಹಾಕಿದ. ಇಲ್ಲದಿದ್ರೆ ಇವರು ಉಳೀತಿದ್ರಾ?" ಚಿಕ್ಕ ತಲೆ ಅಲ್ಲಾಡಿಸುತ್ತಿದ್ದ. ಹೌದು ಅಂತಲೋ ಅಲ್ಲ ಅಂತಲೋ ಅವನಿಗೇ ಗೊತ್ತಿರಲಿಲ್ಲ. ಬಂದವರು ಅವನ ಬೆನ್ನು ತಟ್ಟಿ ಹೋಗುತ್ತಿದ್ದರು.

ಅಣ್ಣ ಮನೆಗೆ ಬಂದ. ಬಲಗೈ ಮಡಿಲಲ್ಲಿ ಬಿದ್ದಿರುತ್ತಿತ್ತು, ಬಲಗಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕುತ್ತಿದ್ದ. ಮಾತಿನಲ್ಲಿ ಉಳಿದದ್ದು ಆ ಎರಡೇ ಪದ. ನೀರು ಬೇಕಾದರೂ ಬಲ ಇಲ್ಲ, ಪೇಪರ್ ಬೇಕಾದರೂ ಬಲ ಇಲ್ಲ, ಫ್ಯಾನ್ ಜೋರಾಯಿತು ಅನ್ನೋದಕ್ಕೂ ಬಲ ಇಲ್ಲ. ಕೆಲವರಿಗೆ ಹೀಗೆ ಕೊನೆಗೆ ಆಡಿದ ಮಾತೇ ನಾಲಗೆಯಲ್ಲಿ ನಿಂತುಬಿಡುತ್ತೆ ಅಂತ ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋದವಳು ಅತ್ತಿಗೆಗೆ ಹೇಳಿದಳು. ಅತ್ತಿಗೆ ಮುಖ ನೋಡಿಯೇ ಏನು ಬೇಕು ಅಂತ ತಿಳಿದುಕೊಳ್ಳುವುದನ್ನು ಕಲಿತರು. ಚಿಕ್ಕ ಮಾತ್ರ ಆ ಮಾತು ಬಂದ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದ.

ಯಂತ್ರವನ್ನು ಅವನು ಮೊದಲ ವಾರವೇ ಬೈಕಿನಿಂದ ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದ. ನಡೆದು ಹೋಗುವಷ್ಟು ಹತ್ತಿರದ ಕಟ್ಟಡಗಳನ್ನು ಮಾತ್ರ ನೋಡಿಕೊಂಡ. ಮೂರು ತಿಂಗಳು ಸೂಪರ್‌ವೈಸರ್ ಸಹಿಸಿದ. ಆಮೇಲೆ ಕರೆದು ಹೇಳಿದ, "ನೋಡಪ್ಪ, ನಿಮ್ಮಣ್ಣನ ವಿಷಯ ನನಗೂ ಬೇಜಾರೇ. ಆದ್ರೆ ಸೋಮವಾರದಿಂದ ನಲವತ್ತು ಕಟ್ಟಡ ನಿನ್ನದೇ. ಆ ಜಿಪಿಎಸ್ ಹಾಕ್ಕೋ. ಹಳೇದೆಲ್ಲ ಅಳಿಸಿ ನಮ್ಮ ಪಟ್ಟಿ ತುಂಬಿಸು." ವಿಳಾಸಗಳ ಹಾಳೆ ಕೊಟ್ಟ.

ಮತ್ತೊಂದು ಭಾನುವಾರ ಬೆಳಿಗ್ಗೆ ಚಿಕ್ಕ ಮೆಟ್ಟಿಲ ಮೇಲೆ ಕೂತು ಯಂತ್ರಕ್ಕೆ ಸುತ್ತಿದ್ದ ಬನಿಯನ್ ಬಿಚ್ಚಿದ. ಅಣ್ಣ ಪಕ್ಕದ ಕುರ್ಚಿಯಲ್ಲಿ. ಒಳಗೆ ಅತ್ತಿಗೆಯ ಹೊಲಿಗೆ ಮಿಷನ್ ಓಡುತ್ತಿತ್ತು. ಬೈಕಿಗೆ ಸಿಕ್ಕಿಸಿ ಕೀ ತಿರುಗಿಸಿದಾಗ ಪರದೆ ಬೆಳಗಿತು, ಅಣ್ಣ ಕೂರಿಸಿದ ಫ್ಯೂಸ್ ಇನ್ನೂ ಚೆನ್ನಾಗಿತ್ತು. ಹಿಂದಿನ ಪ್ರಯಾಣಗಳನ್ನು ಅಳಿಸಬೇಕೇ ಅಂತ ಅದು ಕೇಳಿತು. ಕೆಳಗೆ ಎರಡು ಚೌಕ, ಹೌದು, ಬೇಡ.

ಹೌದು ಒತ್ತಿದರೆ ಮುಗಿಯಿತು. ಇನ್ನು ಯಾರೂ ಕೇಳುವುದಿಲ್ಲ, ಹೇಳುವವನಿಗೆ ಮಾತಿಲ್ಲ. ಚಿಕ್ಕನ ಬೆರಳು ಆ ಚೌಕದ ಮೇಲೇ ಇತ್ತು. ಒತ್ತುವ ಮೊದಲು ಒಂದು ಸಲ ನೋಡೋಣ ಅನ್ನಿಸಿತು, ಅಷ್ಟೆ. ಅವತ್ತಿನ ಪ್ರಯಾಣ ತೆರೆದ. ನೀಲಿ ಗೆರೆ ಮನೆಯಿಂದ ಹೊರಟು, ಪೆಟ್ರೋಲ್ ಬಂಕಿನವರೆಗೆ ಸರಿಯಾಗಿ ಹೋಗಿ, ಅಲ್ಲಿಂದ ಸುತ್ತತೊಡಗಿತ್ತು. ಒಂದರ ಮೇಲೊಂದು ಸುತ್ತು. ಎಲ್ಲ ಎಡಕ್ಕೆ.

ಅಣ್ಣ ಕುರ್ಚಿಯಿಂದ ಎದ್ದು ಗೋಡೆ ಹಿಡಿದು ಬಂದದ್ದು ಅವನಿಗೆ ತಿಳಿಯಲಿಲ್ಲ. ಎಡಗೈ ಬೆರಳು ಹೆಗಲ ಮೇಲಿಂದ ಬಂದು ಪರದೆಯನ್ನು ಮುಟ್ಟಿತು. ಗೆರೆಯ ಮೇಲೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು.

"ಬಲ ಇಲ್ಲ" ಅಂದ ಅಣ್ಣ.

ಮಿಷನ್ ನಿಂತಿತು. ಅತ್ತಿಗೆ ಬಾಗಿಲಿಗೆ ಬಂದರು. "ಏನು ಬೇಕಂತೆ?"

ಚಿಕ್ಕ ಪರದೆಯನ್ನೇ ನೋಡುತ್ತಿದ್ದ. "ಇದು ಅವತ್ತಿನ ದಾರಿ ಅತ್ತಿಗೆ."

"ಯಾವತ್ತಿನದು?"

"ಅಣ್ಣ ಬಿದ್ದ ದಿನದ್ದು. ಬೈಕ್ ಇಳಿಯುವಾಗ ಆದದ್ದಲ್ಲ. ಇಲ್ಲಿ, ಬಂಕಿನ ಹತ್ತಿರವೇ ಶುರುವಾಗಿತ್ತು. ಬಲ ಇಲ್ಲ ಅಂದ. ನಾನು ಬಲಕ್ಕೆ ದಾರಿ ಇಲ್ಲ ಅಂತ ತಿಳ್ಕೊಂಡೆ. ಐವತ್ತು ನಿಮಿಷ ಸುತ್ತಿಸಿದೆ." ದನಿಯಲ್ಲಿ ಏರಿಳಿತವಿರಲಿಲ್ಲ, ಆಫೀಸಿಗೆ ಫೋನಿನಲ್ಲಿ ವರದಿ ಕೊಟ್ಟ ಹಾಗಿತ್ತು. "ಟೀಚರಮ್ಮನ ಮೇಲಿನ ಹಟಕ್ಕೆ ಮಾಡ್ತಿದ್ದಾನೆ ಅನ್ಕೊಂಡು ಬೈದೆ."

"ಏನಂತ ಬೈದೆ?"

"ಹೊಟ್ಟೆಕಿಚ್ಚು ಅಂದೆ. ಬಾಯ್ ಮುಚ್ಕೊಂಡು ಕೂತ್ಕೋ ಅಂದೆ."

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಒಂದು ಸಲ ಗಂಡನ ಮುಖ ನೋಡಿದರು, ಒಂದು ಸಲ ನೀಲಿ ಗೆರೆ ನೋಡಿದರು. "ಮೂರು ತಿಂಗಳು ನನ್ನ ಕೈಯಲ್ಲಿ ಎಲ್ಲರ ಮುಂದೆ ಹೊಗಳಿಸಿಕೊಂಡ್ಯಲ್ಲೋ" ಅಂದರು. ಅವರು ಒಳಗೆ ಹೋದರು. ಬಹಳ ಹೊತ್ತು ಮಿಷನ್ ಸದ್ದು ಕೇಳಲಿಲ್ಲ. ಮಧ್ಯಾಹ್ನ ಅಣ್ಣನಿಗೆ ಮಾತ್ರ ಬಡಿಸಿದರು. ಚಿಕ್ಕನ ತಟ್ಟೆ ಮೇಜಿನ ಮೇಲೆ ಮುಚ್ಚಿಟ್ಟಿತ್ತು, ಅವನೇ ತೆಗೆದು ಉಂಡ. ಸಂಜೆ ಹೊತ್ತಿಗೆ ಮಿಷನ್ ಮತ್ತೆ ಓಡಿತು.

ಅಳಿಸಬೇಕೇ ಅನ್ನುವ ಪ್ರಶ್ನೆಗೆ ಅವನು ಬೇಡ ಒತ್ತಿದ. ಅದರ ಕೆಳಗೇ ನಲವತ್ತು ವಿಳಾಸ ತುಂಬಿಸಿದ. ನಲವತ್ತೊಂದನೆಯದಾಗಿ ಫಿಸಿಯೋ ಆಸ್ಪತ್ರೆಯದನ್ನೂ ಹಾಕಿದ, ಯಾಕೆ ಅಂತ ಯೋಚಿಸದೆ.

ಮರುದಿನ ಬೆಳಿಗ್ಗೆ ಅವನು ಬೈಕ್ ಒರೆಸುತ್ತಿದ್ದಾಗ ಅತ್ತಿಗೆ ಅಣ್ಣನನ್ನು ನಡೆಸಿಕೊಂಡು ಹೊರಗೆ ಬಂದರು. ಅಣ್ಣನ ತಲೆಗೆ ಹೆಲ್ಮೆಟ್ ಹಾಕಿಯಾಗಿತ್ತು, ಕಾಲಲ್ಲಿ ಸ್ಟ್ಯಾಂಡಿನಲ್ಲಿದ್ದ ಆ ಶೂ. ಅತ್ತಿಗೆಯ ಕೈಯಲ್ಲಿ ಯೂನಿಫಾರಂ ಬಟ್ಟೆಯನ್ನು ಎರಡು ಪದರ ಮಡಚಿ ಹೊಲಿದ ಅಗಲವಾದ ಪಟ್ಟಿ ಇತ್ತು.

"ಇಷ್ಟು ದಿನ ನಾನು ಟ್ಯಾಕ್ಸಿಯಲ್ಲಿ ಕರ್ಕೊಂಡು ಹೋಗ್ತಿದ್ದೆ" ಅಂದರು, ಅವನ ಮುಖ ನೋಡದೆ. "ಇನ್ಮೇಲೆ ನೀನೇ ಕರ್ಕೊಂಡು ಹೋಗು. ಬೈಕಲ್ಲೇ. ಕೂತ್ಕೋಬಹುದು, ಬೆನ್ನು ಗಟ್ಟಿಯಾಗಿದೆ ಅಂತ ಫಿಸಿಯೋದವಳು ಹೇಳಿದ್ದಾಳೆ."

"ನನ್ನ ಜೊತೆ ಕಳಿಸ್ತೀರಾ ಅತ್ತಿಗೆ?"

"ಇನ್ಯಾರ ಜೊತೆ ಕಳಿಸ್ಲಿ?"

ಅಣ್ಣನನ್ನು ಹಿಂದೆ ಕೂರಿಸಿ, ಇಬ್ಬರ ಸೊಂಟಕ್ಕೂ ಸೇರಿಸಿ ಪಟ್ಟಿ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡಿದರು. ಕಾಲುಗಳನ್ನು ಫುಟ್‌ರೆಸ್ಟ್ ಮೇಲೆ ಇಟ್ಟರು. ಬಾಗಿಲಲ್ಲಿ ನಿಂತು ಕಳಿಸಲಿಲ್ಲ, ಒಳಗೆ ಹೋದರು.

ಚಿಕ್ಕ ನಿಧಾನ ಓಡಿಸಿದ. ಹನ್ನೆರಡು ನಿಮಿಷ ಅಂತ ಪರದೆ ತೋರಿಸುತ್ತಿತ್ತು. ಬೀದಿ ಮುಗಿದು ದೊಡ್ಡ ರಸ್ತೆಗೆ ಬಂದಾಗ ಟೀಚರಮ್ಮ, "ಬಲಕ್ಕೆ ತಿರುಗಿ" ಅಂದಳು. ಎಡ ಮೊಣಕಾಲು ಅವನ ಸೊಂಟಕ್ಕೆ ಒತ್ತಿತು.

"ಬಲ ಇಲ್ಲ" ಅಂದ ಅಣ್ಣ, ಕಿವಿಯ ಹತ್ತಿರ.

ಚಿಕ್ಕನ ಕೈ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ರಸ್ತೆ ಬದಿಗೆ ತಂದು ನಿಲ್ಲಿಸಿದ. ಸ್ಟ್ಯಾಂಡ್ ಹಾಕಿ, ಒಂದು ಕೈಯಲ್ಲಿ ಹಿಂದಿದ್ದವನನ್ನು ಹಿಡಿದುಕೊಂಡೇ ಪಟ್ಟಿ ಬಿಚ್ಚಿ ಕೆಳಗಿಳಿದ. ತಿರುಗಿ ನಿಂತು ಕೇಳಿದ.

"ಏನಾಯ್ತಣ್ಣ?"

ಅಣ್ಣ ಕಣ್ಣಿನಲ್ಲೇ ಕೆಳಗೆ ತೋರಿಸಿದ. ಬಲಗಾಲು ಫುಟ್‌ರೆಸ್ಟಿನಿಂದ ಜಾರಿ ನೇತಾಡುತ್ತಿತ್ತು. ಶೂವಿನ ತುದಿ ಟಾರಿನ ಮೇಲೆ ಊರಿತ್ತು. ಆ ತುದಿಯಲ್ಲಿ ಮೊದಲೇ ಚರ್ಮ ಸವೆದು, ಒಳಗಿನ ಬಟ್ಟೆ ಕಾಣುತ್ತಿತ್ತು. ಈಗ ಅದೇ ಜಾಗದಲ್ಲಿ, ಸವೆದದ್ದರ ಮೇಲೆ, ಬೀದಿಯುದ್ದಕ್ಕೂ ಎಳೆದು ಬಂದ ಹೊಸ ಬಿಳಿ ಗೀರು.

ಚಿಕ್ಕ ಕುಕ್ಕರುಗಾಲಲ್ಲಿ ಕೂತ. ಶೂವನ್ನು ಎರಡೂ ಕೈಯಲ್ಲಿ ಹಿಡಿದ. ಅಣ್ಣ ಕಾಲೆತ್ತಿ ನಡೆಯದೆ ಸವೆಸಿದ ಶೂ ಅಲ್ಲ ಇದು. ಅವತ್ತೂ ಈ ಕಾಲು ಹೀಗೇ ಜಾರಿ, ಐವತ್ತು ನಿಮಿಷ ರಸ್ತೆಗೆ ಉಜ್ಜಿಕೊಂಡು ಬಂದಿತ್ತು. ಒಂದು ಸಲ ಕತ್ತು ತಿರುಗಿಸಿದ್ದರೆ ಕಾಣುತ್ತಿತ್ತು. "ನಾನು ತಿರುಗಿ ನೋಡಲಿಲ್ಲ ಅಣ್ಣ" ಅಂದ. "ಒಂದು ಸಲ ತಿರುಗಿ ನೋಡಬೇಕಿತ್ತು ನಾನು." ಹೇಳುತ್ತಿದ್ದಂತೆ ಹೆಲ್ಮೆಟ್ಟಿನ ಒಳಗೇ ಅಳು ಬಂತು. ಲಾರಿಗಳು ಹೋಗುತ್ತಿದ್ದವು. ಟೀಚರಮ್ಮ ಮತ್ತೆ ಮತ್ತೆ ಬಲಕ್ಕೆ ತಿರುಗಿ ಅನ್ನುತ್ತಿದ್ದಳು. ಅವನು ಶೂ ಬಿಡದೆ ಅತ್ತ.

ಹೆಲ್ಮೆಟ್ ಮೇಲೆ ಟಕ್ ಟಕ್ ಅಂತ ಎರಡು ಸಲ ಸದ್ದಾಯಿತು. ಎಡಗೈಯ ಗೆಣ್ಣು.

ಚಿಕ್ಕ ಎದ್ದ. ಅಣ್ಣನ ಕಾಲನ್ನು ಎತ್ತಿ ಫುಟ್‌ರೆಸ್ಟ್ ಮೇಲಿಟ್ಟ, ಅದು ತುಂಬಿದ ಟೂಲ್ ಬ್ಯಾಗಿನಷ್ಟು ಭಾರವಾಗಿತ್ತು. ಪಟ್ಟಿ ಕಟ್ಟಿಕೊಂಡು ಬಲಕ್ಕೆ ತಿರುಗಿಸಿದ. ಮುಂದಿನ ತಿರುವಿನಲ್ಲಿ ನಿಲ್ಲಿಸಿ ಹಿಂದೆ ನೋಡಿದ, ಕಾಲು ಸರಿಯಾಗಿತ್ತು. ಅದರ ಮುಂದಿನದರಲ್ಲೂ ನಿಲ್ಲಿಸಿದ. ಹನ್ನೆರಡು ನಿಮಿಷದ ದಾರಿಗೆ ನಲವತ್ತು ನಿಮಿಷ ಹಿಡಿಯಿತು.